ಅರಗು ಬಿಟ್ಟು ಗೋಂದು ಹಿಡಿದವರು

ಇಂಕ್ ಪೆನ್ನಿಗೆ ಮತ್ತೆ ಕಾಲ ಬಂದಿದೆ. ಅಜ್ಜನ ಟ್ರಂಕಿನಿಂದ, ಅಪ್ಪನ ಬೀರುವಿನಿಂದ ಹಳೇ ಪೆನ್ನುಗಳು ಒಂದೊಂದಾಗಿ ಹೊರಗೆ ಬರ್ತಿವೆ. ಆದರೆ ರಿಪೇರಿ ಮಾಡೋರು ಎಲ್ಲಿದ್ದಾರೆ? ಕುಂದಾಣದಿಂದ ದೇವನಹಳ್ಳಿಗೆ ಹೋದರೆ ಮೊಬೈಲ್ ರಿಪೇರಿ ಅಂಗಡಿಗಳು ಸಾಲಾಗಿ ಸಿಗುತ್ತವೆ, ಪೆನ್ನು ಬಿಚ್ಚಿ ನೋಡೋರು ಸಿಗೋದು ಕಷ್ಟ. ಹಾಗಾಗಿ ಜನ ಮನೆಯಲ್ಲೇ ಕೈ ಹಾಕ್ತಾರೆ. ಅದು ಒಳ್ಳೇದೇ. ನನ್ನ ತಕರಾರು ಇರೋದು ಆ ಕೈ ಮೊದಲು ಹೋಗಿ ಹಿಡಿಯೋ ವಸ್ತುವಿನ ಬಗ್ಗೆ. ಕ್ಷಣದಲ್ಲಿ ಅಂಟೋ ಆ ಗೋಂದಿನ ಪುಟ್ಟ ಟ್ಯೂಬು.

ಪೆನ್ನು ಸೋರ್ತಿದೆಯಾ? ಅಂಟಿಸು. ರಬ್ಬರ್ ಚೀಲ ಕಳಚಿ ಬಂತಾ? ಅಂಟಿಸು. ಕತ್ತು ಸಡಿಲವಾಯ್ತಾ? ಅದನ್ನೂ ಅಂಟಿಸು. ಎರಡು ತಿಂಗಳು ಪೆನ್ನು ಬರೆಯುತ್ತೆ, ಮಾಡಿದವರು ಬೀಗ್ತಾರೆ. ಆಮೇಲೆ ಒಳಗೆ ಇಂಕು ಒಣಗಿ ಗಟ್ಟಿಯಾಗುತ್ತೆ. ತೊಳೆಯೋಣ ಅಂದ್ರೆ ಬಿಚ್ಚೋಕಾಗಲ್ಲ. ಬಿಚ್ಚೋಕೆ ಹೋದ್ರೆ ಕತ್ತೇ ಮುರಿಯುತ್ತೆ. ನಮ್ಮ ಕಡೆಯ ಒಬ್ಬ ನಿವೃತ್ತ ಮೇಷ್ಟ್ರ ಪೆನ್ನು ಹೀಗೇ ಹೋಯ್ತು. ಮೂವತ್ತು ವರ್ಷ ಹಾಜರಿ ಪುಸ್ತಕ ತುಂಬಿಸಿದ ಪೆನ್ನದು. ಅವರ ಮಗ ನನ್ನ ಹತ್ತಿರ ತಂದಾಗ ಕತ್ತೂ ಕೊಳವೆಯೂ ಒಂದೇ ಕಲ್ಲಾಗಿದ್ದವು. ‘ಯಾರೋ ಸರಿ ಮಾಡ್ಕೊಟ್ರು ಸಾರ್’ ಅಂದ. ಸರಿ ಮಾಡಿದ್ದು ಎಂಥದ್ದು, ಸಮಾಧಿ ಮಾಡಿದ್ದು.

ಪೆನ್ನು ಅನ್ನೋದು ಬಿಚ್ಚಿ, ತೊಳೆದು, ಮತ್ತೆ ಜೋಡಿಸೋಕೆ ಅಂತಲೇ ಮಾಡಿದ ವಸ್ತು. ರಬ್ಬರ್ ಚೀಲ ಒಂದಲ್ಲ ಒಂದು ದಿನ ಗಟ್ಟಿಯಾಗಿ ಬಿರಿಯುತ್ತೆ ಅಂತ ಮಾಡಿದವರಿಗೆ ಮೊದಲೇ ಗೊತ್ತಿತ್ತು. ಅದಕ್ಕೇ ಹಳೇ ಕಾಲದವರು ಆ ಚೀಲವನ್ನ ಕತ್ತಿಗೆ ಕೂರಿಸೋಕೆ ಶೆಲ್ಲಾಕ್ ಬಳಸಿದರು. ಶೆಲ್ಲಾಕ್ ಅಂದ್ರೆ ಬೇರೇನಲ್ಲ, ನಮ್ಮ ಅರಗು. ಮುತ್ತುಗದಂಥ ಮರಗಳ ರೆಂಬೆ ಮೇಲೆ ಒಂದು ಪುಟ್ಟ ಕೀಟ ಕಟ್ಟೋ ಅಂಟು. ಸ್ಪಿರಿಟ್‌ನಲ್ಲಿ ಕರಗುತ್ತೆ, ಒಣಗಿದ ಮೇಲೆ ಇಂಕಿಗೆ ಜಗ್ಗಲ್ಲ. ಬೇಕಾದಾಗ ಹದವಾಗಿ ಬಿಸಿ ತೋರಿಸಿದರೆ ಮೆತ್ತಗಾಗಿ ಬಿಟ್ಟುಕೊಡುತ್ತೆ. ಕತ್ತಿನ ತುದಿಗೆ ತೆಳ್ಳಗೆ ಸವರಿ, ಹೊಸ ಚೀಲ ಏರಿಸಿ, ಒಂದು ರಾತ್ರಿ ಬಿಟ್ಟರೆ ಕೆಲಸ ಮುಗೀತು. ಇನ್ನೊಂದು ತಲೆಮಾರಿನವರು ಬಿಚ್ಚಬೇಕಂದ್ರೂ ಬಿಚ್ಚಬಹುದು.

ಅರಗೇನು ನಮಗೆ ಹೊಸದಾ? ಪಾಂಡವರನ್ನು ಸುಡೋಕೆ ಕಟ್ಟಿಸಿದ್ದು ಅರಗಿನ ಮನೆ. ಚನ್ನಪಟ್ಟಣದ ಬೊಂಬೆಗೆ ಬಣ್ಣ ಕೂರೋದು ಅರಗಿನಿಂದ. ಅಕ್ಕಸಾಲಿಗರು ಟೊಳ್ಳು ಒಡವೆಯೊಳಗೆ ತುಂಬೋದು ಅರಗು. ಮೈಸೂರಲ್ಲಿ ನಾಲ್ವಡಿಯವರ ಕಾಲಕ್ಕೆ, 1937ರಲ್ಲಿ, ಶುರುವಾದ ಸರ್ಕಾರಿ ಕಾರ್ಖಾನೆಯ ಹೆಸರೇ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಅಂತಿತ್ತು. ಲಕೋಟೆಗೆ ಮುದ್ರೆ ಒತ್ತೋ ಅರಗು ಅಲ್ಲಿ ತಯಾರಾಗ್ತಿತ್ತು. 1962ರ ಚುನಾವಣೆಯಿಂದ ಇವತ್ತಿನವರೆಗೆ ನಮ್ಮ ಬೆರಳಿಗೆ ಹಚ್ಚೋ ಅಳಿಸದ ಶಾಯಿ ಬರ್ತಿರೋದೂ ಅದೇ ಕಾರ್ಖಾನೆಯಿಂದ. ಅರಗೂ ಶಾಯಿಯೂ ಒಂದೇ ಸೂರಿನಡಿ ಇದ್ದ ನಾಡಲ್ಲಿ ಕೂತು ನಾವು ಪೆನ್ನಿಗೆ ಗೋಂದು ಸುರೀತಿದೀವಿ.

ಎರಡನೇ ಗೊಂದಲ ‘ಸೋರಿಕೆ’ ಅನ್ನೋ ಮಾತಲ್ಲೇ ಇದೆ. ಕೊಳವೆಗೆ ನೇರವಾಗಿ ಫಿಲ್ಲರ್‌ನಿಂದ ಇಂಕು ತುಂಬೋ ನಮ್ಮ ಎಬೊನೈಟ್ ಪೆನ್ನು ಎರಡು ಥರ ಸೋರುತ್ತೆ. ಒಂದು, ತಿರುಪಿನ ಜಾಗದಿಂದ. ಬೆರಳು ನೀಲಿಯಾಗೋದು ಅದರಿಂದ. ಇನ್ನೊಂದು, ನಿಬ್ಬಿನಿಂದ ತಟಕ್ ಅಂತ ಬೀಳೋ ಹನಿ. ಇಂಕು ಅರ್ಧಕ್ಕಿಂತ ಕಮ್ಮಿಯಾದಾಗ ಮೇಲಿನ ಜಾಗದಲ್ಲಿ ಗಾಳಿ ತುಂಬಿರುತ್ತೆ. ಅಂಗೈ ಶಾಖಕ್ಕೆ ಆ ಗಾಳಿ ಹಿಗ್ಗಿ ಇಂಕನ್ನ ಹೊರಗೆ ದೂಡುತ್ತೆ. ತಿರುಪಿಗೆ ಏನು ಮೆತ್ತಿದರೂ ಈ ಹನಿ ನಿಲ್ಲಲ್ಲ. ಇಂಕು ಪೂರ್ತಿ ತುಂಬಿಟ್ಟುಕೊಳ್ಳೋದೇ ಇದಕ್ಕೆ ಔಷಧಿ. ಯಾವ ರೋಗ ಅಂತ ತಿಳಿಯೋಕೆ ತಿರುಪಿನ ಸುತ್ತ ಟಿಶ್ಯೂ ಕಾಗದ ಸುತ್ತಿ ಒಂದು ಗಂಟೆ ಬಿಡಿ. ಕಾಗದ ನೆಂದರೆ ತಪ್ಪು ತಿರುಪಿನದ್ದು. ಒಂದು ಮಾತು ನೆನಪಿಡಿ: ತಿರುಪಿನಿಂದ ಗಾಳಿ ಒಳಗೆ ನುಗ್ಗಿದರೂ ನಿಬ್ಬು ತೊಟ್ಟಿಕ್ಕಬಹುದು. ಆದ್ದರಿಂದ ಮೊದಲು ತಿರುಪು ಬಿಗಿ ಮಾಡಿ, ಆಮೇಲೆ ಗಾಳಿಯನ್ನ ಬೈಯಿರಿ.

ಕುಂದಾಣದವರಿಗೆ ಇದನ್ನ ಅರ್ಥ ಮಾಡಿಸೋಕೆ ತಲೆ ಎತ್ತಿ ತೋರಿಸಿದರೆ ಸಾಕು. ಹೊಯ್ಸಳ ರಾಮನಾಥ ಕೂತು ಆಳಿದ ಊರಿನ ಪಕ್ಕದಲ್ಲೇ 2008ರಿಂದ ವಿಮಾನ ಏರ್ತಾ ಇಳೀತಾ ಇವೆ. ನಮ್ಮ ಈ ನೆಲ ಸಮುದ್ರಮಟ್ಟದಿಂದ ಸುಮಾರು ಮೂರು ಸಾವಿರ ಅಡಿ ಎತ್ತರ. ವಿಮಾನ ಮೇಲೇರಿದ ಮೇಲೆ ಒಳಗಿನ ಗಾಳಿಯ ಒತ್ತಡ ಎಂಟು ಸಾವಿರ ಅಡಿಯ ಬೆಟ್ಟದ ಮೇಲಿರೋವಷ್ಟಕ್ಕೆ ಇಳೀಬಹುದು. ಪೆನ್ನೊಳಗಿನ ಗಾಳಿ ಆಗ ಸುಮಾರು ಐದನೇ ಒಂದು ಭಾಗ ಹಿಗ್ಗೋಕೆ ನೋಡುತ್ತೆ. ಜೇಬು ನೀಲಿಯಾಗದೆ ಇನ್ನೇನು? ಇದಕ್ಕೆ ಪೆನ್ನನ್ನ ಬೈದು ಪ್ರಯೋಜನ ಇಲ್ಲ. ಪೂರ್ತಿ ತುಂಬಿ, ನಿಬ್ಬು ಮೇಲೆ ಮಾಡಿ ಇಟ್ಟುಕೊಳ್ಳಿ.

ತಿರುಪಿನ ಸೋರಿಕೆಗೆ ಬೇಕಾದ್ದು ಸಿಲಿಕೋನ್ ಗ್ರೀಸ್. ಚಿಟಿಕೆಯಷ್ಟು ಸಾಕು. ನೀರಲ್ಲಿ ಕರಗಲ್ಲ, ಬಟ್ಟೆಯಿಂದ ಒರೆಸಿದರೆ ಹೋಗುತ್ತೆ. ಅದು ಸಿಗಲ್ಲ ಅಂತ ವ್ಯಾಸಲೀನ್ ಹಚ್ಚೋರಿದ್ದಾರೆ. ಅದು ಪೆಟ್ರೋಲಿಯಂ ಜಾತಿ, ಒಳಗಿರೋ ರಬ್ಬರ್ ಚೀಲವನ್ನೋ ಉಂಗುರವನ್ನೋ ನಿಧಾನಕ್ಕೆ ಉಬ್ಬಿಸಿ ಕೊಳೆಸುತ್ತೆ. ಹಾಗಂತ ಸಿಲಿಕೋನ್ ಗ್ರೀಸೇ ಸರ್ವರೋಗಕ್ಕೂ ಮದ್ದು ಅಂತಲೂ ತಿಳೀಬೇಡಿ. ಒಳಗಿನ ಚೀಲ ಸಿಲಿಕೋನ್‌ನದ್ದೇ ಆಗಿದ್ದರೆ ಈ ಗ್ರೀಸು ಅದನ್ನೂ ಉಬ್ಬಿಸುತ್ತೆ. ಏನೂ ಇಲ್ಲದಿದ್ದರೆ ತಿರುಪಿಗೆ ನೂಲು ಸುತ್ತಿ, ಸೋಪು ತಿಕ್ಕೋ ಸ್ಕೂಲ್ ಹುಡುಗರ ಉಪಾಯವೇ ಗೋಂದಿಗಿಂತ ಸಾವಿರ ಪಾಲು ಮೇಲು. ದಡ್ಡತನದ್ದು ಅನ್ನಿಸಬಹುದು, ಆದರೆ ಕಿತ್ತು ಬಿಸಾಕೋಕೆ ಬರುತ್ತೆ.

ಗೋಂದನ್ನ ಪೂರ್ತಿ ಶಪಿಸೋದೂ ನ್ಯಾಯವಲ್ಲ. ಪ್ಲಾಸ್ಟಿಕ್ ಕ್ಯಾಪು ಸೀಳಿ ಎರಡಾದರೆ ಅರಗು ಅದನ್ನ ಹಿಡಿಯಲ್ಲ. ಅಲ್ಲಿ ಗೋಂದೇ ಗತಿ. ಕ್ಯಾಪಿನ ಸೀಳನ್ನ ಯಾರೂ ಮತ್ತೆ ಬಿಚ್ಚಬೇಕಾಗಿಲ್ಲ. ಬಿಚ್ಚಲೇಬೇಕಾದ ಜಾಗ, ಬಿಚ್ಚಬೇಕಿಲ್ಲದ ಜಾಗ ಅನ್ನೋ ವಿವೇಚನೆ ಇರೋರ ಕೈಲಿ ಗೋಂದೂ ಒಂದು ಉಪಕರಣವೇ. ಅರಗೂ ಅಷ್ಟೇ. ಚೀಲಕ್ಕೆ ಹಚ್ಚಿದರೆ ಕಾಯುತ್ತೆ. ಅದೇ ಅರಗು ಬೆರೆಸಿದ ಕಪ್ಪು ಡ್ರಾಯಿಂಗ್ ಇಂಕನ್ನ ಪೆನ್ನಿಗೆ ತುಂಬಿದರೆ ಒಳಗೆಲ್ಲ ಕಟ್ಟಿಕೊಂಡು ಕೊಲ್ಲುತ್ತೆ.

ಇನ್ನು, ಸಿಕ್ಕಿಕೊಂಡ ಕತ್ತು ಬಿಚ್ಚೋಕೆ ಕುದಿಯೋ ನೀರಿಗೆ ಹಾಕೋ ಆತುರ. ಎಬೊನೈಟ್ ಬಿಸಿನೀರಿಗೆ ಬಿದ್ದರೆ ಕರಿ ಹೋಗಿ ಕಂದು ಬಣ್ಣಕ್ಕೆ ತಿರುಗುತ್ತೆ. ಬೆಂಕಿಕಡ್ಡಿ ಗೀರೋದಂತೂ ಬೇಡವೇ ಬೇಡ. ಹಳೇ ಪೆನ್ನು ಸೆಲ್ಯುಲಾಯ್ಡ್ ಆಗಿದ್ದರೆ ಭಗ್ ಅಂತ ಹತ್ತಿಕೊಳ್ಳುತ್ತೆ. ತಲೆಗೂದಲು ಒಣಗಿಸೋ ಡ್ರೈಯರ್‌ನ ಬಿಸಿಗಾಳಿ, ದೂರದಿಂದ, ಕೈಗೆ ತಡೆಯೋವಷ್ಟು ಮಾತ್ರ. ಬರದಿದ್ದರೆ ಇವತ್ತಿಗೆ ಬಿಡಿ, ನಾಳೆ ನೋಡಿ.

ನಿಮ್ಮ ಮನೆಯಲ್ಲೂ ಒಂದು ಹಳೇ ಪೆನ್ನು ಇದ್ದೇ ಇರುತ್ತೆ. ಸದ್ಯಕ್ಕೆ ನಿಬ್ಬಿನ ತುದಿಯನ್ನ ಒಂದು ಲೋಟ ತಣ್ಣೀರಲ್ಲಿ ಇಳಿಬಿಡಿ. ನೀರು ನೀಲಿಯಾದಾಗೆಲ್ಲ ಬದಲಾಯಿಸಿ. ಎಷ್ಟೋ ಪೆನ್ನು ಅಷ್ಟಕ್ಕೇ ಬರೆಯೋಕೆ ಶುರು ಮಾಡ್ತವೆ. ಗೋಂದಿನ ಟ್ಯೂಬು ಚಪ್ಪಲಿಗೆ ಇರಲಿ.