ಅಂಕಿತ ಕಳಚಿದ ಚಿತ್ರಗಳು

ವೈಟ್‌ಫೀಲ್ಡಿನ ಒಂದು ಟೆಕ್ ಪಾರ್ಕಿನ ಲಾಬಿಯಲ್ಲಿ ಬಂಗಾಳದ ಪಟಚಿತ್ರವೊಂದನ್ನು ಪೂರ್ತಿ ಬಿಚ್ಚಿ, ಗಾಜು ಹಾಕಿಸಿ ತೂಗುಹಾಕಿದ್ದಾರೆ. ಬೆಹುಲಾ–ಲಖಿಂದರನ ಕಥೆ. ಬಣ್ಣ ಚೆಂದ, ಫ್ರೇಮೂ ದುಬಾರಿಯದೇ. ಆದರೆ ಈ ಪ್ರದರ್ಶನಕ್ಕೆ ತಾನು ಏನನ್ನು ತೋರಿಸ್ತಿದೀನಿ ಅಂತಲೇ ಗೊತ್ತಿಲ್ಲ.

ಪಶ್ಚಿಮ ಮೇದಿನಿಪುರದ ಪಿಂಗ್ಲಾ ಹತ್ತಿರ ನಯಾ ಅಂತ ಒಂದು ಊರಿದೆ. ಅಲ್ಲಿನ ಪಟುವಾಗಳು ಸುರುಳಿಯ ಒಂದೊಂದೇ ಚೌಕ ಬಿಚ್ಚುತ್ತಾ, ಬೆರಳಿಟ್ಟು ತೋರಿಸುತ್ತಾ ಹಾಡ್ತಾರೆ. ಮದುಮಗನಿಗಾಗಿ ಕಟ್ಟಿಸಿದ ಕಬ್ಬಿಣದ ಕೋಣೆ, ಅದರೊಳಗೂ ನುಸುಳೋ ಹಾವು, ಗಂಡನ ಹೆಣದ ಜೊತೆ ತೆಪ್ಪದಲ್ಲಿ ಹೊರಡೋ ಬೆಹುಲಾ. ಮುಂದೇನು ಅನ್ನೋದು ಇನ್ನೂ ಸುರುಳಿಯೊಳಗೇ ಇರತ್ತೆ. ಲಾಬಿಯಲ್ಲಿ ಅವನು ಸಾಯೋದೂ ಮತ್ತೆ ಬದುಕೋದೂ ಒಂದೇ ನೋಟಕ್ಕೆ ಮುಗಿದುಹೋಯ್ತು. ಹಾಡುವ ಪಟುವಾಗಳಲ್ಲಿ ಹೆಚ್ಚಿನವರು ಮುಸ್ಲಿಮರು, ಹಾಡೋದು ಮನಸಾ ದೇವಿಯ ಮಹಿಮೆ. 2004ರ ಸುನಾಮಿಯನ್ನೂ ಚಿತ್ರಿಸಿ ಹಾಡಿದವರು ಅವರು.

ಹಾಡಿನ ಕೊನೆಗೆ ಪಟುವಾ ತನ್ನ ಹೆಸರು, ಊರು ಸೇರಿಸಿ ಹಾಡ್ತಾನೆ. ಅದಕ್ಕೆ ಭಣಿತಾ ಅಂತಾರೆ, ನಮ್ಮ ದಾಸರ ಪದಗಳ ಅಂಕಿತ ಇದ್ದ ಹಾಗೆ. ಹಾಡು ಬಿಟ್ಟು ಚಿತ್ರ ಮಾತ್ರ ತಂದಾಗ ಆ ಹೆಸರೂ ಅಲ್ಲೇ ಉಳೀತು. ಇಲ್ಲಿನ ಚೀಟಿಯಲ್ಲಿರೋದು ‘ಫೋಕ್ ಆರ್ಟ್, ಬೆಂಗಾಲ್’ ಅಂತ ಅಷ್ಟೇ.

ಪಕ್ಕದ ಗೋಡೆಯಲ್ಲಿ ನಮ್ಮದೇ ತೊಗಲುಗೊಂಬೆ, ಹತ್ತು ತಲೆಯ ರಾವಣ. ಅವನ ಸ್ಥಿತಿ ಇನ್ನೂ ಕಷ್ಟ. ಚರ್ಮ ಹೆರೆದು ತೆಳುವಾಗಿಸೋದೇ ಹಿಂದಿನ ದೀಪದ ಬೆಳಕು ಹಾಯಲಿ ಅಂತ. ಇಲ್ಲಿ ಮುಂದಿನಿಂದ ಫೋಕಸ್ ಲೈಟ್ ಬಿಟ್ಟು ಅವನನ್ನ ಸುಟ್ಟ ಹಪ್ಪಳ ಮಾಡಿದ್ದಾರೆ. ಕರ್ನಾಟಕದ ಗೊಂಬೆಗಳಲ್ಲಿ ಒಂದೇ ಚರ್ಮದ ಮೇಲೆ ಇಡೀ ದೃಶ್ಯ ಕೊರೆದಿರುವವೂ ಇವೆ, ಪಟದ ಚೌಕಕ್ಕೆ ಹತ್ತಿರದ ನೆಂಟರು. ಅವೂ ಹಾಡು, ಮಾತು ಇಲ್ಲದೆ ಅರ್ಧವೇ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಫೋಟೋ ಫಾರ್ವರ್ಡ್ ಮಾಡಿದ್ವಿ. ಅವರ ಆಟ ನೋಡಿದವರು ನಮ್ಮಲ್ಲಿ ಎಷ್ಟು ಜನ?

ಕೊಳ್ಳಬೇಡಿ ಅಂತ ನಾನು ಹೇಳ್ತಿಲ್ಲ. ಪಟ ಮಾರಿದ ದುಡ್ಡಲ್ಲೇ ಎಷ್ಟೋ ಮನೆಗಳ ಒಲೆ ಉರಿಯೋದು. ಆದರೆ ಕೊಳ್ಳೋರೆಲ್ಲ ಚಿತ್ರಕ್ಕೆ ಮಾತ್ರ ದುಡ್ಡು ಕೊಟ್ಟರೆ, ಆ ಮನೆಯ ಮಗಳು ಹಾಡನ್ನ ಯಾಕಾದರೂ ಕಲೀಬೇಕು? ಚೀಟಿಯಲ್ಲಿ ಹೆಸರು ಬರೆಸೋಕೆ ಖರ್ಚಿಲ್ಲ. ಹಾಡಿನ ರೆಕಾರ್ಡಿಂಗಿಗೂ ದುಡ್ಡು ಕೊಟ್ಟು ಅಲ್ಲೇ ಒಂದು ಕ್ಯೂಆರ್ ಕೋಡ್ ಅಂಟಿಸಬಹುದು, ಕ್ಯಾಂಟೀನಿನ ಇಡ್ಲಿಗೂ ಕೋಡ್ ಇರೋ ಕಾಲ ಇದು.

ಈ ನವೆಂಬರಿನ ರಾಜ್ಯೋತ್ಸವಕ್ಕೆ ಡಿಜೆ ಬಿಟ್ಟು ಒಂದು ತೊಗಲುಗೊಂಬೆ ಮೇಳ ಕರೆಸಿ, ಲಾಬಿಯ ದೀಪ ಆರಿಸಿ ನೋಡಿ. ಆಟದ ಹಾಸ್ಯದ ಜೋಡಿ ಕಿಳ್ಳೇಕ್ಯಾತ, ಬಂಗಾರಕ್ಕ ಊರವರ ಕಾಲೆಳೆಯೋದರಲ್ಲಿ ಪಳಗಿದವರು. ನಮ್ಮ ಅಪ್ರೈಸಲ್ ಬಗ್ಗೆ ಅವರೇನಂತಾರೋ ಕೇಳೋ ಆಸೆ ನನಗಿದೆ.