ನೆನಪಿನ ಊರು, ತರಗತಿಯ ಊರು

ಪದವಿ ತರಗತಿಗಳಲ್ಲಿ ಸಮಾಜಶಾಸ್ತ್ರ, ಮಾನವಶಾಸ್ತ್ರಗಳನ್ನು ಅಭ್ಯಾಸಮಾಡುವ ನಮ್ಮ ವಿದ್ಯಾರ್ಥಿಗಳಿಗೆ ಪ್ರೊಫೆಸರ್ ಎಂ. ಎನ್. ಶ್ರೀನಿವಾಸರ ಹೆಸರು ಅಪರಿಚಿತವಲ್ಲ. ‘ಸಂಸ್ಕೃತೀಕರಣ’, ‘ಪ್ರಬಲ ಜಾತಿ’ ಎಂಬ ಪದಗಳನ್ನು ಅವರ ಹೆಸರಿನೊಡನೆ ಕೂಡಿಸಿ ಬರೆಯದೆ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದು ಕಷ್ಟ. ಆದರೆ 1976ರಲ್ಲಿ ಪ್ರಕಟವಾದ ಅವರ ‘ದಿ ರಿಮೆಂಬರ್ಡ್ ವಿಲೇಜ್’ ಎಂಬ ಗ್ರಂಥವನ್ನು ಮೊದಲಿನಿಂದ ಕೊನೆಯವರೆಗೆ ಓದಿದವರು ವಿರಳ. ನಾವು ಇತಿಹಾಸದ ಅಧ್ಯಾಪಕರು. ಸಮಾಜಶಾಸ್ತ್ರದ ಹುದ್ದೆ ತೆರವಾಗಿದ್ದ ಒಂದು ವರ್ಷ ಆ ಪಾಠವನ್ನೂ ನಾವೇ ವಹಿಸಿಕೊಳ್ಳಬೇಕಾಗಿ ಬಂದಾಗ, ಈ ಗ್ರಂಥದ ಕೆಲವು ಅಧ್ಯಾಯಗಳನ್ನು ತರಗತಿಯಲ್ಲಿ ಓದಿ ಕನ್ನಡದಲ್ಲಿ ವಿವರಿಸಿದೆವು. ಆ ಓದಿನಿಂದ ಹುಟ್ಟಿದ ಪ್ರಶ್ನೆಯೊಂದನ್ನು ಇಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ: ಈ ಗ್ರಂಥವು ಯಾವ ಬಗೆಯ ಆಧಾರ, ಮತ್ತು ಸರಕಾರಿ ಕಾಲೇಜಿನ ವಿದ್ಯಾರ್ಥಿಯು ಅದನ್ನು ಹೇಗೆ ಓದತಕ್ಕದ್ದು?

ಗ್ರಂಥದ ಹುಟ್ಟು ಸುಪರಿಚಿತ. ಮೈಸೂರಿಗೆ ಸಮೀಪದ ಒಂದು ಹಳ್ಳಿಯಲ್ಲಿ 1948ರಲ್ಲಿ ಹಲವು ತಿಂಗಳೂ 1952ರ ಬೇಸಗೆಯಲ್ಲಿ ಕೆಲಕಾಲವೂ ಇದ್ದು ಶ್ರೀನಿವಾಸರು ವಿಷಯ ಸಂಗ್ರಹಿಸಿದರು. ಆ ಹಳ್ಳಿಗೆ ಅವರು ಕೊಟ್ಟ ಹೆಸರು ರಾಂಪುರ. ಸುಮಾರು 1,500 ಜನರಿದ್ದ ಆ ಊರಿನಲ್ಲಿ ಹತ್ತೊಂಬತ್ತು ಹಿಂದೂ ಜಾತಿಗಳೂ ಮುಸಲ್ಮಾನರೂ ಇದ್ದರು. ಒಕ್ಕಲಿಗರ ಸಂಖ್ಯೆಯೇ ಅರ್ಧಕ್ಕೆ ಸಮೀಪವಾಗಿತ್ತು. 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಅವರಿದ್ದ ಅಧ್ಯಯನಕೇಂದ್ರಕ್ಕೆ ಕಿಡಿಗೇಡಿಗಳು ಬೆಂಕಿಯಿಟ್ಟಾಗ, ವರ್ಷಗಟ್ಟಲೆ ದುಡಿದು ಪರಿಷ್ಕರಿಸಿದ್ದ ಟಿಪ್ಪಣಿಗಳ ಮೂರು ಪ್ರತಿಗಳೂ ಸುಟ್ಟುಹೋದವು. ಆಗ ಮಾನವಶಾಸ್ತ್ರಜ್ಞ ಸಾಲ್ ಟ್ಯಾಕ್ಸ್ ಅವರ ಸಲಹೆಯಂತೆ ನೆನಪನ್ನೇ ನೆಚ್ಚಿ ಬರೆದುದು ಈ ಗ್ರಂಥ. ‘ಎಲ್ಲ ಟಿಪ್ಪಣಿಗಳೂ ಬೂದಿಯಾದುವು’ ಎಂಬ ಮಾತು ತರಗತಿಗಳಲ್ಲಿ ಕೇಳಿಬರುವುದುಂಟು, ಅದು ಸರಿಯಲ್ಲ. ಸುಟ್ಟುದು ಪರಿಷ್ಕೃತ ಟಿಪ್ಪಣಿಗಳು. ಕ್ಷೇತ್ರದಲ್ಲಿ ಬರೆದ ಮೂಲವು ಭಾರತದಲ್ಲಿ ಉಳಿದಿತ್ತು.

ಇತಿಹಾಸದ ಅಭ್ಯಾಸಿಗೆ ಆಧಾರವೊಂದು ಕೈಗೆ ಬಂದೊಡನೆ ಕೇಳತಕ್ಕ ಪ್ರಶ್ನೆಗಳಿವೆ. ಬರೆದವನು ಯಾರು? ಯಾವ ಕಾಲದಲ್ಲಿ ಬರೆದನು? ಎಲ್ಲಿ ನಿಂತು ಕಂಡನು? ಶಾಸನವನ್ನಾಗಲಿ ಪ್ರವಾಸಿಯ ಕಥನವನ್ನಾಗಲಿ ಇವುಗಳಿಂದ ಒರೆಹಚ್ಚದೆ ನಾವು ಸ್ವೀಕರಿಸುವುದಿಲ್ಲ. ಶ್ರೀನಿವಾಸರ ಗ್ರಂಥಕ್ಕೂ ಇದೇ ಪರೀಕ್ಷೆ ಸಲ್ಲಬೇಕು.

ಕಂಡುದಕ್ಕೂ ಬರೆದುದಕ್ಕೂ ನಡುವೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅಂತರವಿದೆ. ಇದರಿಂದ ಲಾಭವೂ ಆಗಿದೆ. ಅಂಕಿಸಂಖ್ಯೆಗಳು ಹಿಂದೆ ಸರಿದು ಮನುಷ್ಯರು ಮುಂದೆ ಬಂದಿದ್ದಾರೆ. ಪಟೇಲರು, ನಾಡುಗೌಡರು, ಲೇಖಕರಿಗೆ ತಾನೇ ಸಹಾಯಕನಾಗಿ ನಿಂತ ಕುಳ್ಳೇಗೌಡ, ಇವರ ಚಿತ್ರಗಳು ಕಾದಂಬರಿಯ ಪಾತ್ರಗಳಂತೆ ಮನಸ್ಸಿನಲ್ಲಿ ಉಳಿಯುತ್ತವೆ. ಬೇಸಾಯವನ್ನು ಕುರಿತ ಅಧ್ಯಾಯವು ರೈತನ ಜೀವನವೆಲ್ಲ ಹೊಲಗದ್ದೆಗಳ ಸುತ್ತ ಹೇಗೆ ಹೆಣೆದುಕೊಂಡಿದೆ ಎಂಬುದನ್ನು ಮನಗಾಣಿಸುತ್ತದೆ. ಗ್ರಂಥದ ಶ್ರೇಷ್ಠ ಭಾಗಗಳಲ್ಲಿ ಇದೊಂದೆಂದು ನಮ್ಮ ಅಭಿಪ್ರಾಯ.

ನಿಂತ ನೆಲೆಯ ವಿಷಯ ಹೆಚ್ಚು ಸೂಕ್ಷ್ಮವಾದುದು. ಶ್ರೀನಿವಾಸರು ಬ್ರಾಹ್ಮಣರು, ಅವರ ಬಿಡಾರವಿದ್ದುದು ಪಟೇಲರ ಎತ್ತುಗಳನ್ನು ಕಟ್ಟುತ್ತಿದ್ದ ಮನೆಯಲ್ಲಿ. ಬ್ರಾಹ್ಮಣನಾದವನು ಬ್ರಾಹ್ಮಣನಂತೆಯೇ ನಡೆಯಬೇಕೆಂದು ಊರವರು ಬಯಸಿದರು. ಪಟೇಲರ ಅತಿಥಿಗೆ ಊರಿನ ಅನೇಕ ಬಾಗಿಲುಗಳು ತೆರೆದುವು. ಅದೇ ಕಾರಣದಿಂದ ಕೆಲವು ಬಾಗಿಲುಗಳು ಮುಚ್ಚಿಯೇ ಉಳಿದುವು. ಹರಿಜನರ ಕೇರಿಯೂ ಮುಸಲ್ಮಾನರ ಮನೆಗಳೂ ಗ್ರಂಥದಲ್ಲಿ ದೂರದಿಂದ ಕಾಣುತ್ತವೆ. ತಮ್ಮ ನೋಟವು ಮೇಲುಜಾತಿಗಳ ನೋಟವಾಯಿತೆಂಬುದನ್ನು ಗ್ರಂಥಕರ್ತರು ತಾವೇ ಒಪ್ಪಿಕೊಂಡಿರುವುದು ಅವರ ಪ್ರಾಮಾಣಿಕತೆಗೆ ಸಾಕ್ಷಿ. ಆದರೆ ಒಪ್ಪಿಕೊಂಡ ಮಾತ್ರಕ್ಕೆ ಕೊರತೆ ತುಂಬಿತೆಂದು ಹೇಳಲಾಗದು. ನಮ್ಮ ತರಗತಿಯಲ್ಲಿ ಈ ಭಾಗವನ್ನು ಓದಿ ಮುಗಿಸಿದಾಗ ಹಿಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬಳು ಎದ್ದು, “ಸರ್, ಅವರು ನಮ್ಮ ಕೇರಿಗೆ ಬಂದಿದ್ದರೆ ಪುಸ್ತಕ ಬೇರೆಯಾಗುತ್ತಿತ್ತು” ಎಂದಳು. ಗ್ರಂಥವನ್ನು ಕುರಿತು ನಾವು ಕೇಳಿದ ವಿಮರ್ಶೆಗಳಲ್ಲಿ ಇದಕ್ಕಿಂತ ಚಿಕ್ಕದೂ ನೇರವೂ ಆದುದು ಇನ್ನೊಂದಿಲ್ಲ.

ಇನ್ನು ನಮ್ಮ ಬೋಧನೆಯ ವಿಚಾರ. ಪರೀಕ್ಷೆಗೆಂದು ಸಿದ್ಧವಾಗುವ ಕೈಪಿಡಿಗಳು ಶ್ರೀನಿವಾಸರ ಪರಿಕಲ್ಪನೆಗಳನ್ನು ಅವು ಹುಟ್ಟಿದ ನೆಲದಿಂದ ಕಿತ್ತು ವ್ಯಾಖ್ಯೆಗಳಾಗಿ ಒಣಗಿಸಿಡುತ್ತವೆ. ಸಂಸ್ಕೃತೀಕರಣದ ವಿಚಾರವು 1952ರಲ್ಲಿ ಪ್ರಕಟವಾದ ಕೊಡಗರನ್ನು ಕುರಿತ ಗ್ರಂಥದಲ್ಲಿ ಬೆಳೆದುದು. ಪ್ರಬಲ ಜಾತಿಯ ವಿಚಾರಕ್ಕೆ ರಾಂಪುರದ ಒಕ್ಕಲಿಗರೇ ಮುಖ್ಯ ನಿದರ್ಶನ. ಈ ಭೇದ ವಿದ್ಯಾರ್ಥಿಗೆ ತಿಳಿಯದು. ಪ್ರಬಲ ಜಾತಿಯ ಲಕ್ಷಣಗಳನ್ನು ತಪ್ಪಿಲ್ಲದೆ ಬರೆದಿದ್ದ ಒಬ್ಬ ಹುಡುಗನನ್ನು, “ನಿಮ್ಮೂರ ಕೆರೆಯ ತೂಬು ಎತ್ತಿದಾಗ ಮೊದಲು ನೀರು ಯಾರ ಗದ್ದೆಗೆ ಹೋಗುತ್ತದಪ್ಪ?” ಎಂದು ಕೇಳಿದೆವು. ಅವನು ಅರ್ಧ ಗಂಟೆ ಮಾತನಾಡಿದನು. ನೀರಗಂಟಿ ಯಾರು, ಅವನನ್ನು ಗದರಿಸಬಲ್ಲವರು ಯಾರು, ಕೊನೆಯ ಗದ್ದೆಯವರು ಏಕೆ ದೂರು ಕೊಡುವುದಿಲ್ಲ, ಎಲ್ಲವನ್ನೂ ಬಲ್ಲವನಾಗಿದ್ದನು. ಕೊನೆಗೆ, “ಇದನ್ನೆಲ್ಲ ಪರೀಕ್ಷೆಯಲ್ಲಿ ಬರೆಯಬಹುದೇ ಸರ್?” ಎಂದು ಕೇಳಿದನು. ಉತ್ತರ ಹೇಳಲು ನಮಗೆ ಸಂಕೋಚವಾಯಿತು.

ಶ್ರೀನಿವಾಸರೂ ಇಂಥ ಸಾರ್ವಜನಿಕ ವಿದ್ಯಾಸಂಸ್ಥೆಯಿಂದಲೇ ಹೊರಟವರು. 1916ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಮಹಾರಾಜಾ ಕಾಲೇಜಿನಲ್ಲಿ ಓದಿ, ಮುಂಬಯಿಯಲ್ಲಿ ಘುರ್ಯೆ ಅವರ ಬಳಿಯೂ ಆಕ್ಸ್‌ಫರ್ಡಿನಲ್ಲಿ ರ‍್ಯಾಡ್‌ಕ್ಲಿಫ್ ಬ್ರೌನ್, ಇವಾನ್ಸ್ ಪ್ರಿಚರ್ಡರ ಬಳಿಯೂ ಅಭ್ಯಾಸಮಾಡಿ, ಅವರು ಮತ್ತೆ ಮೈಸೂರು ಸೀಮೆಯ ಹಳ್ಳಿಗೆ ಬಂದು ಕುಳಿತರು. ಇಂದಿನ ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ಪ್ರತಿದಿನ ಬೆಳಿಗ್ಗೆ ಅಂಥ ಹಳ್ಳಿಗಳಿಂದಲೇ ಬಸ್ಸು ಹತ್ತಿ ಬರುತ್ತಾರೆ. ಶ್ರೀನಿವಾಸರಿಗೆ ತೆರೆಯದ ಕೇರಿಗಳಿಂದಲೂ ಬರುತ್ತಾರೆ.

ಆದಕಾರಣ ನಮ್ಮ ಸೂಚನೆ ಇಷ್ಟು. ಗ್ರಂಥದ ಒಂದು ಅಧ್ಯಾಯವನ್ನು ಓದಿಸಿ, ಅದೇ ವಿಷಯವನ್ನು ಕುರಿತು ಪ್ರತಿಯೊಬ್ಬ ವಿದ್ಯಾರ್ಥಿಯಿಂದಲೂ ಅವನ ಊರಿನ ಸಂಗತಿಯನ್ನು ಎರಡು ಪುಟ ಬರೆಸತಕ್ಕದ್ದು. ದಿನಾಂಕವಿರಬೇಕು, ಹೇಳಿದವರು ಯಾವ ಕೇರಿಯವರು, ಯಾವ ಕಸುಬಿನವರು ಎಂಬುದಿರಬೇಕು, ಕಂಡುದನ್ನೂ ಕೇಳಿದುದನ್ನೂ ಬೇರೆಬೇರೆಯಾಗಿ ಗುರುತಿಸಿರಬೇಕು. ಊರಿನವನೆಂಬ ಮಾತ್ರಕ್ಕೆ ಯಾರ ಬರಹವೂ ಪ್ರಮಾಣವಾಗದು. ಗೌಡರ ಮಗನು ತನ್ನ ಮನೆಯ ಜಗಲಿಯಿಂದಲೇ ಊರನ್ನು ನೋಡುತ್ತಾನೆ. ಕೇರಿಯ ಮಗಳಿಗೂ ಕಾಣದ ಮನೆಗಳಿವೆ. ಇಬ್ಬರ ಪುಟಗಳನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದಾಗ ಆಧಾರವನ್ನು ತೂಗುವ ಬಗೆ ತಾನಾಗಿ ಅಭ್ಯಾಸವಾಗುತ್ತದೆ.

ಪಠ್ಯಕ್ರಮದಲ್ಲಿ ಇದಕ್ಕೆ ವೇಳೆಯೆಲ್ಲಿ ಎಂಬ ಆಕ್ಷೇಪಣೆ ಬರಬಹುದು. ಒಪ್ಪತಕ್ಕ ಮಾತೇ. ಆದರೆ ನಾವು ಆ ವರ್ಷ ಇದಕ್ಕಾಗಿ ವ್ಯಯಮಾಡಿದುದು ಆರು ಪಾಠಗಳನ್ನು ಮಾತ್ರ. ತೂಬಿನ ಸಂಗತಿ ಹೇಳಿದ ಹುಡುಗನು ಅದನ್ನು ಬರೆದುಕೊಟ್ಟನು. ವಿದ್ಯಾರ್ಥಿನಿಯು ತನ್ನ ಕೇರಿಯ ಬಾವಿಯನ್ನು ಕುರಿತು ಬರೆದಳು. ಶ್ರೀನಿವಾಸರ ಗ್ರಂಥದೊಡನೆ ಇಟ್ಟು ಓದಿದಾಗ ಆ ಬರಹಗಳಿಂದ ಗ್ರಂಥದ ಬೆಲೆ ಕುಂದಲಿಲ್ಲ. ಅದು ನೋಡದೆ ಉಳಿದ ಭಾಗ ಎಲ್ಲಿಂದ ಮೊದಲಾಗುತ್ತದೆ ಎಂಬುದು ಸ್ಪಷ್ಟವಾಯಿತು. ಅಲ್ಲಿಂದ ಮುಂದಿನ ಅಭ್ಯಾಸವನ್ನು ಮಾಡತಕ್ಕವರು ಈ ವಿದ್ಯಾರ್ಥಿಗಳೇ.