ಸಮೀಪವೂ ಸುಲಭವೂ: ಎಳೆಯ ತರಗತಿಗಳ ಸಮಾಜಪಾಠದ ಕ್ರಮವಿಮರ್ಶೆ

ಶಾಸ್ತ್ರಗ್ರಂಥಗಳ ಆರಂಭದಲ್ಲಿ ಅನುಬಂಧಚತುಷ್ಟಯವನ್ನು ನಿರೂಪಿಸುವುದು ಪ್ರಾಚೀನರ ಸಂಪ್ರದಾಯ. ಗ್ರಂಥದ ವಿಷಯವೇನು, ಪ್ರಯೋಜನವೇನು, ಇವುಗಳ ಸಂಬಂಧವೆಂತಹುದು ಎಂಬುದರ ಜೊತೆಗೆ ಅದನ್ನು ಓದಲು ಅಧಿಕಾರಿಯು ಯಾರೆಂಬುದನ್ನೂ ಅಲ್ಲಿಯೇ ಹೇಳಿಬಿಡುತ್ತಿದ್ದರು. ಪ್ರಾಥಮಿಕ ಶಾಲೆಗಳ ಸಮಾಜಪಾಠಕ್ಕೆಂದು ಏರ್ಪಟ್ಟ ಪಠ್ಯಕ್ರಮಗಳಲ್ಲಿ ವಿಷಯಕ್ಕೂ ಪ್ರಯೋಜನಕ್ಕೂ ಕೊರತೆಯಿಲ್ಲ. ಸತ್ಪ್ರಜೆಯ ಲಕ್ಷಣ, ದೇಶಾಭಿಮಾನ, ಸಹಬಾಳ್ವೆ ಇವೆಲ್ಲವೂ ಪುಟಪುಟವಾಗಿ ವರ್ಣಿತವಾಗುತ್ತವೆ. ಆರೇಳು ವರ್ಷದ ಅಧಿಕಾರಿಯ ವಿಚಾರ ಬಂದಾಗ ಮಾತ್ರ ಬಹುಪಾಲು ಕರ್ತೃಗಳು ಒಂದೇ ಸೂತ್ರವನ್ನು ಉಚ್ಚರಿಸಿ ಮುಂದೆ ಸಾಗುತ್ತಾರೆ: ಸಮೀಪದಿಂದ ದೂರಕ್ಕೆ. ಮೊದಲು ಮನೆ, ಅನಂತರ ಶಾಲೆ, ಕೇರಿ, ಊರು, ಜಿಲ್ಲೆ, ರಾಜ್ಯ, ದೇಶ, ಕಟ್ಟಕಡೆಗೆ ಪ್ರಪಂಚ. ಈ ಸೂತ್ರವು ಸ್ವತಃಸಿದ್ಧವೆಂದು ಅಂಗೀಕೃತವಾಗಿರುವುದರಿಂದಲೇ ಅದರ ಪರೀಕ್ಷೆಯು ಅವಶ್ಯಕವಾಗಿದೆ.

ಅಮೆರಿಕದಲ್ಲಿ ಇದನ್ನು ಒಂದು ವ್ಯವಸ್ಥೆಯಾಗಿ ಬೆಳೆಸಿ, ಪಠ್ಯಪುಸ್ತಕಗಳ ಮೂಲಕ ಶಾಲೆಗಳಲ್ಲಿ ನೆಲೆಗೊಳಿಸಿದವರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಪಾಲ್ ಹ್ಯಾನಾ (1902–1988) ಪ್ರಮುಖರು. ಅದಕ್ಕೆ ಆಕ್ಷೇಪವೂ ಆ ಖಂಡದಲ್ಲಿಯೇ ಹುಟ್ಟಿತು. ಎಳೆಯ ತರಗತಿಗಳಿಂದ ಪುರಾಣ, ವೀರಚರಿತ್ರೆ, ಇತಿಹಾಸಗಳು ಹೊರಬಿದ್ದು, ಮಗುವಿಗೆ ಮೊದಲೇ ತಿಳಿದಿರುವ ಅಂಗಡಿ ಬೀದಿಗಳ ವರ್ಣನೆಯೊಂದೇ ಉಳಿಯಿತೆಂದು ಡಯಾನ್ ರಾವಿಚ್ 1987ರಲ್ಲಿ ಬರೆದರು. ಕೆನಡದ ಕೀರನ್ ಈಗನ್ ಅವರ ವಾದವು ಇನ್ನೂ ಮೂಲಗಾಮಿಯಾದುದು. ಮಗುವಿಗೆ ಚೆನ್ನಾಗಿ ತಿಳಿದಿರುವುದು ತನ್ನ ಬೀದಿಯಲ್ಲ. ಭಯ, ಧೈರ್ಯ, ಪ್ರೀತಿ, ದ್ವೇಷ, ನ್ಯಾಯ, ಅನ್ಯಾಯಗಳೆಂಬುದು ಅವರ ಮತ.

ಈ ವಿವಾದವನ್ನು ಬಗೆಹರಿಸಲು ಅರುಂಧತೀನ್ಯಾಯವು ನೆರವಾಗಬಲ್ಲದು. ಸೂಕ್ಷ್ಮವಾದ ಅರುಂಧತಿಯನ್ನು ತೋರಿಸಬಯಸುವವನು ಮೊದಲು ಅದರ ಬಳಿಯ ಸ್ಥೂಲನಕ್ಷತ್ರವೊಂದನ್ನು ತೋರಿಸಿ, ದೃಷ್ಟಿ ಅಲ್ಲಿ ನಿಂತ ಮೇಲೆ ಅದನ್ನು ಬಿಡಿಸಿ ಅರುಂಧತಿಗೆ ಒಯ್ಯುತ್ತಾನೆ. ಶಂಕರರು ಬ್ರಹ್ಮಸೂತ್ರಭಾಷ್ಯದಲ್ಲಿ ಈ ದೃಷ್ಟಾಂತವನ್ನು ಬಳಸಿದ್ದಾರೆ. ಸಮೀಪದಿಂದ ದೂರಕ್ಕೆ ಎನ್ನುವವರು ಇದನ್ನು ತಮ್ಮ ಪಕ್ಷಕ್ಕೆ ಸಾಧಕವೆಂದು ತಿಳಿಯುವ ಸಂಭವವುಂಟು. ವಸ್ತುತಃ ಇದು ಬಾಧಕ. ಸ್ಥೂಲನಕ್ಷತ್ರವು ಸಮೀಪವಾಗಿರುವುದು ಅರುಂಧತಿಗೆ, ನೋಡುವವನಿಗಲ್ಲ. ನೋಡುವವನಿಗೆ ಎರಡೂ ದೂರವೇ. ಮೊದಲನೆಯದನ್ನು ಆರಿಸಿದುದಕ್ಕೆ ಅದು ನಿಚ್ಚಳವಾಗಿ ಕಾಣುತ್ತದೆಂಬುದೂ ಗುರಿಯ ಪಕ್ಕದಲ್ಲಿದೆಯೆಂಬುದೂ ಕಾರಣ. ಹೀಗೆ ಸೌಲಭ್ಯವೇ ಬೇರೆ, ಸಾನ್ನಿಧ್ಯವೇ ಬೇರೆ. ಕುಂಭಕರ್ಣನ ನಿದ್ರೆಯನ್ನು ಬಲ್ಲ ಮಗುವಿಗೆ ತನ್ನ ಊರಿನ ಪಂಚಾಯತಿಯ ಚುನಾವಣೆಯು ತಿಳಿಯದು.

ಸಮೀಪದ್ದು ಸುಲಭವಲ್ಲ ಎಂಬುದಷ್ಟೇ ಅಲ್ಲ, ಅನೇಕ ವೇಳೆ ಅದೇ ಅತ್ಯಂತ ಕಠಿನ. ಮನೆಯ ಪಾಠವೆಂದರೆ ತಂದೆ ದುಡಿಯುವನು, ತಾಯಿ ಅಡಿಗೆ ಮಾಡುವಳು, ಅಜ್ಜಿ ಕಥೆ ಹೇಳುವಳು ಎಂಬ ಚಿತ್ರ. ತಂದೆಯಿಲ್ಲದ ಮಗುವಾಗಲಿ, ತಾಯಿಯೇ ಕೂಲಿಗೆ ಹೋಗುವ ಮಗುವಾಗಲಿ ಆ ಚಿತ್ರದಲ್ಲಿ ತನ್ನ ಮನೆಯನ್ನು ಕಾಣದು. ಊರಿನ ಬಾವಿಯು ಎಲ್ಲರದು ಎಂದು ಪುಸ್ತಕವು ಹೇಳುವಾಗ, ಬಾವಿಯಿಂದ ದೂರ ನಿಲ್ಲಬೇಕಾದ ಕೇರಿಯ ಹುಡುಗಿಗೆ ಅದು ಸುಳ್ಳೆಂಬುದು ಉಪಾಧ್ಯಾಯರಿಗಿಂತ ಚೆನ್ನಾಗಿ ಗೊತ್ತು. ದೂರದ ದೇಶದ ವಿಷಯದಲ್ಲಿ ತಪ್ಪಿದ ಪುಸ್ತಕವು ಅಜ್ಞಾನವನ್ನು ಕಲಿಸೀತು. ಹತ್ತಿರದ ವಿಷಯದಲ್ಲಿ ತಪ್ಪಿದ ಪುಸ್ತಕವು ಪುಸ್ತಕವೆಂದರೆ ನಂಬಲರ್ಹವಲ್ಲವೆಂಬುದನ್ನೇ ಕಲಿಸುತ್ತದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟನ್ನು ಅನುಸರಿಸಿ ಮೂರರಿಂದ ಐದನೆಯ ತರಗತಿಗಳಿಗೆ ಸಿದ್ಧವಾದ ಪರಿಸರ ಅಧ್ಯಯನದ ಪುಸ್ತಕಗಳು ಈ ದೋಷವನ್ನು ಬಹುಮಟ್ಟಿಗೆ ಅರಿತಿದ್ದುವು. ಮನೆ, ಊರು ಎಂಬ ವರ್ತುಲಗಳಿಗೆ ಬದಲಾಗಿ ಕುಟುಂಬ, ಆಹಾರ, ನೀರು, ವಸತಿ, ಪ್ರಯಾಣ ಮೊದಲಾದ ವಸ್ತುಗಳನ್ನು ಹಿಡಿದು, ನೀರು ತರುವವರು ಯಾರು, ಅದನ್ನು ಎಲ್ಲರೂ ತೆಗೆದುಕೊಳ್ಳಬಹುದೇ ಎಂದು ಕೇಳುವಷ್ಟು ಧೈರ್ಯವೂ ಅವುಗಳಲ್ಲಿತ್ತು. ಇದು ಶ್ಲಾಘ್ಯ. ಆದರೆ ಗತಕಾಲಕ್ಕೆ ಅಲ್ಲಿ ದೊರೆತ ಸ್ಥಳ ಸ್ವಲ್ಪವೇ.

ಗತಕಾಲಕ್ಕೆ ಮೊದಲಲ್ಲಿಯೇ ಆಸನವನ್ನಿತ್ತ ಪಠ್ಯಕ್ರಮವೊಂದು ಭಾರತದಲ್ಲಿಯೇ ಇದ್ದಿತು. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ನೆರೆದ ಶಿಕ್ಷಣ ಸಮ್ಮೇಳನವು ಜಾಕಿರ್ ಹುಸೇನರ ಅಧ್ಯಕ್ಷತೆಯಲ್ಲಿ ನಿಯಮಿಸಿದ ಸಮಿತಿಯು ಇತಿಹಾಸ, ಭೂಗೋಳ, ಪೌರನೀತಿಗಳನ್ನು ಒಂದುಗೂಡಿಸಿ ಸಮಾಜಪಾಠವನ್ನು ರೂಪಿಸಿತು. ನೂಲುವ ಕೈಗಳ ಮಾತನ್ನು ಎಲ್ಲರೂ ನೆನೆಯುತ್ತಾರೆ. ಆ ಪಾಠಪಟ್ಟಿಯನ್ನು ತೆರೆದು ನೋಡುವವರು ವಿರಳ. ಆರಂಭದ ಹಂತದಲ್ಲಿಯೇ ಅದು ಆದಿಮಾನವನ ಬದುಕನ್ನೂ, ಈಜಿಪ್ಟಿನ ಪಿರಮಿಡ್ಡಿನಲ್ಲಿ ದುಡಿದ ಗುಲಾಮನ ಕಥೆಯನ್ನೂ, ಮೊಹೆಂಜೊದಾರೋವಿನ ಬಾಲಕನ ಕಥೆಯನ್ನೂ, ವೇದಕಾಲದಿಂದ ಶುನಃಶೇಪನ ಕಥೆಯನ್ನೂ ಮಕ್ಕಳಿಗೆ ಹೇಳಬೇಕೆನ್ನುತ್ತದೆ.

ಶುನಃಶೇಪನ ಆಯ್ಕೆಯು ಸಾಮಾನ್ಯವಾದುದಲ್ಲ. ಐತರೇಯ ಬ್ರಾಹ್ಮಣದ ಏಳನೆಯ ಪಂಚಿಕೆಯ ಆ ಆಖ್ಯಾನದಲ್ಲಿ ಹಸಿವಿನಿಂದ ಬಳಲಿದ ಅಜೀಗರ್ತನಿಗೆ ಮೂವರು ಮಕ್ಕಳು. ಹಿರಿಯನನ್ನು ತಂದೆ ಕೊಡಲೊಲ್ಲ, ಕಿರಿಯನನ್ನು ತಾಯಿ ಕೊಡಲೊಲ್ಲಳು. ನಡುವಿನವನು ನೂರು ಹಸುಗಳಿಗೆ ಯಜ್ಞಪಶುವಾಗಿ ಮಾರಾಟವಾಗುತ್ತಾನೆ. ಕಂಬಕ್ಕೆ ಕಟ್ಟಲು ಇನ್ನಾರೂ ಮುಂದೆ ಬಾರದಿರಲು, ತಂದೆಯೇ ಇನ್ನೊಂದು ನೂರಕ್ಕೆ ಕಟ್ಟುತ್ತಾನೆ. ಮತ್ತೊಂದು ನೂರಕ್ಕೆ ಕತ್ತಿ ಮಸೆದು ಬರುತ್ತಾನೆ. ದೇವತಾಸ್ತುತಿಯಿಂದ ಬಿಡುಗಡೆ ಹೊಂದಿದ ಹುಡುಗನು ತಂದೆಯ ಬಳಿಗೆ ಮರಳದೆ ವಿಶ್ವಾಮಿತ್ರನ ಮಗನಾಗುತ್ತಾನೆ. ಕಾಲದಿಂದ ಇದಕ್ಕಿಂತ ದೂರವಾದುದು ಯಾವುದು? ಜೀತಕ್ಕೋ ಸಾಲಕ್ಕೋ ಮಗುವನ್ನು ಒಪ್ಪಿಸಿದ ಮನೆಯಿರುವ ಊರಿನಲ್ಲಿ ಇದಕ್ಕಿಂತ ಸಮೀಪವಾದುದು ಯಾವುದು? ತನ್ನ ಊರಿನಲ್ಲಿ ಕೇಳಲಾಗದ ಪ್ರಶ್ನೆಯನ್ನು ಮಗುವು ಅಜೀಗರ್ತನನ್ನು ಕುರಿತು ನಿರ್ಭಯವಾಗಿ ಕೇಳಬಲ್ಲುದು. ಸ್ಥೂಲನಕ್ಷತ್ರದ ಕೆಲಸವೇ ಇದು.

ಇಲ್ಲಿ ಪೂರ್ವಪಕ್ಷವೊಂದುಂಟು. ಕಥೆಯಿಂದ ಆರಂಭಿಸಿದರೆ ಕಥೆಗೂ ಇತಿಹಾಸಕ್ಕೂ ಇರುವ ಭೇದವನ್ನು ಮಗುವು ಕಾಣದೆ ಹೋಗುತ್ತದೆಂಬ ಆಕ್ಷೇಪವು ನಿರಾಧಾರವಲ್ಲ. ಆದರೆ ಭೇದವನ್ನು ಕಲಿಸುವ ಸಾಮಗ್ರಿಯೂ ಅಲ್ಲಿಯೇ ಇದೆ. ಕನ್ನಡದ ಮಗುವಿಗೆ ರಾಘವಾಂಕನ ಪರಂಪರೆಯಿಂದ ಬಂದ ಹರಿಶ್ಚಂದ್ರನು ಸತ್ಯಕ್ಕೆ ಪರ್ಯಾಯನಾಮ. ಐತರೇಯದ ಹರಿಶ್ಚಂದ್ರನಾದರೋ ವರುಣನಿಗೆ ಮಗನನ್ನು ಕೊಡುವೆನೆಂದು ಮಾತಿತ್ತು, ಹಲ್ಲು ಬರಲಿ, ಹಲ್ಲು ಬೀಳಲಿ ಎಂದು ವಾಯಿದೆ ಬೇಡುತ್ತ ಹೋದವನು. ಒಂದೇ ಹೆಸರಿನ ಈ ಎರಡು ಚರಿತ್ರೆಗಳನ್ನು ಐದನೆಯ ತರಗತಿಯಲ್ಲಿ ಎದುರುಬದುರಾಗಿ ಇರಿಸಿದರೆ, ಯಾರು ಯಾವಾಗ ಏಕೆ ಹೀಗೆ ಹೇಳಿದರೆಂಬ ವಿಚಾರವು ತಾನಾಗಿ ಹುಟ್ಟುತ್ತದೆ. ಒಂದೇ ವಿಷಯಕ್ಕೆ ಮತ್ತೆ ಮತ್ತೆ ಮೇಲಿನ ಮಟ್ಟದಲ್ಲಿ ಮರಳಬೇಕೆಂದು ಜೆರೋಮ್ ಬ್ರೂನರ್ 1960ರಲ್ಲಿ ಪ್ರತಿಪಾದಿಸಿದುದನ್ನು ಶಿಕ್ಷಣಜ್ಞರು ನವೀನವೆಂದು ಕೊಂಡಾಡಿದರು. ಲಘುಕೌಮುದಿಯನ್ನು ಮುಗಿಸಿ ಅವೇ ಸೂತ್ರಗಳಿಗಾಗಿ ಸಿದ್ಧಾಂತಕೌಮುದಿಗೂ ಮಹಾಭಾಷ್ಯಕ್ಕೂ ಮರಳಿದವರಿಗೆ ಅದು ಅಷ್ಟೇನೂ ನವೀನವೆನಿಸದು.

ವಾರ್ಧಾ ಪಟ್ಟಿಯ ನ್ಯೂನತೆಯು ಬೇರೆಡೆಯಲ್ಲಿದೆ. ಅದು ಕಥೆಗಳ ಹೆಸರನ್ನು ಕೊಟ್ಟು ಸುಮ್ಮನಾಗುತ್ತದೆ. ಏಳು ವರ್ಷದವರ ಮುಂದೆ ಕಥೆಯನ್ನು ಎಷ್ಟರವರೆಗೆ ಹೇಳಬೇಕು, ಮೂರನೆಯ ನೂರು ಹಸುಗಳ ಮಾತನ್ನು ಆಗಲೇ ಹೇಳುವುದೋ ಮೇಲಿನ ತರಗತಿಗೆ ಉಳಿಸುವುದೋ, ತಂದೆ ಏಕೆ ಹಾಗೆ ಮಾಡಿದನೆಂದು ಮಗುವು ಕೇಳಿದರೆ ಹಸಿವೆಂದು ಉತ್ತರಿಸುವುದೋ ಪಾಪವೆಂದು ಉತ್ತರಿಸುವುದೋ ಎಂಬಲ್ಲಿ ಉಪಾಧ್ಯಾಯರಿಗೆ ಯಾವ ಸಹಾಯವೂ ಅದರಿಂದ ದೊರೆಯುವುದಿಲ್ಲ.